ಮಾಸಿದ ಬಣ್ಣಕ್ಕೆ ಮೆರುಗು

ಮುಂದಿನ ವರ್ಷ ಹೊಸ ಬಣ್ಣ ಹೊಡೆಸಬೇಕೆಂದು ನಿಶ್ಚಯಿಸಿಕೊಂಡಿರುವ ಹಳೆಯ ಕಾರಿಗೆ ಈ ವರ್ಷ ಪಾಲಿಷ್ ಹಾಕುವುದು ವಿವೇಕವೋ, ವ್ಯರ್ಥವೋ? ಪ್ರಶ್ನೆ ಅಲ್ಪವೆಂದು ವಾಚಕರಿಗೆ ತೋರಬಹುದು. ಉತ್ತರಪಾರದ ಕಾರ್ಖಾನೆಯಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಡೆಂಕಣಿಕೋಟೆಯಂತಹ ಊರಿನಲ್ಲಿ ಅಂಥದೊಂದನ್ನು ಉಳಿಸಿಕೊಂಡವನಿಗೆ ಮಾತ್ರ ಈ ಪ್ರಶ್ನೆ ಅಲ್ಪವಲ್ಲ.

ಬಿಸಿಲಿಗೆ ಬಳಲಿದ ಹಳೆಯ ಬಗೆಯ ಬಣ್ಣದ ಮೇಲ್ಪದರವು ಸತ್ತು ಪುಡಿಯಾಗುತ್ತದೆ. ಬೆರಳಾಡಿಸಿದರೆ ಸೀಮೆಸುಣ್ಣದಂತೆ ಕೈಗೆ ಹತ್ತುತ್ತದೆ. (ಉಪಾಧ್ಯಾಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.) ಪಾಲಿಷಿನ ನುಣುಪಾದ ಪುಡಿಯು ಆ ಸತ್ತ ಪದರವನ್ನು ಉಜ್ಜಿ ತೆಗೆದಾಗ ಅಡಿಯಲ್ಲಿದ್ದ ಬಣ್ಣ ಬೆಳಕಿಗೆ ಬರುತ್ತದೆ. ಆ ಹೊಳಪು ಹೊರಗಿನಿಂದ ತಂದದ್ದಲ್ಲ, ಬಣ್ಣದ್ದೇ. ಆದರೆ ಪುಕ್ಕಟೆಯಾಗಿ ಬಂದದ್ದೂ ಅಲ್ಲ. ಪದರಗಳೆಲ್ಲ ಸೇರಿದರೂ ಕಾರಿನ ಬಣ್ಣದ ದಪ್ಪ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಅಂಚುಗಳಲ್ಲಿ ಇನ್ನೂ ತೆಳುವು. ಉಜ್ಜಿದಷ್ಟೂ ಸವೆಯುತ್ತದೆ.

ಹೇಗೂ ಉಪ್ಪುಕಾಗದಕ್ಕೆ ಆಹುತಿಯಾಗಲಿರುವ ಬಣ್ಣವನ್ನು ಜಿಪುಣತನದಿಂದ ಕಾಯುವುದೇಕೆಂದು ಕೇಳುವವರುಂಟು. ಮಾತು ಸರಿಯೇ. ಆದರೆ ನಮ್ಮ ಸಂಸಾರಗಳಲ್ಲಿ ‘ಮುಂದಿನ ವರ್ಷ’ ಎಂಬುದಕ್ಕೆ ಎಷ್ಟು ಅಡ್ಡಿಗಳು! ಮಗಳ ಮದುವೆ ಬರುತ್ತದೆ, ಮಗನ ಕಾಲೇಜು ಬರುತ್ತದೆ, ಮಳೆ ಬರುವುದಿಲ್ಲ. ಆದಕಾರಣ ಹಗುರವಾಗಿ ಉಜ್ಜುವುದೇ ಲೇಸೆಂದು ನಮ್ಮ ಮತ. ತುಕ್ಕು ಹಿಡಿದ ಕಡೆಗಂತೂ ಪಾಲಿಷಿನಿಂದ ಏನೂ ಆಗದು.

ಇದಕ್ಕಿಂತ ಗಹನವಾದುದು ಇನ್ನೊಂದಿದೆ. ಸಿಲಿಕೋನ್ ಬೆರೆತ ಪಾಲಿಷುಗಳು ಅಲ್ಪ ಶ್ರಮಕ್ಕೆ ಅಧಿಕ ಹೊಳಪನ್ನು ಕೊಡುತ್ತವೆ. ಅದರ ಜಿಡ್ಡು ಉಳಿದ ಕಡೆ ಹೊಸ ಬಣ್ಣ ನಿಲ್ಲದೆ ಹಿಂದೆ ಸರಿದು, ಮೀನಿನ ಕಣ್ಣಿನಂತಹ ಸಣ್ಣ ಕುಳಿಗಳೇಳುತ್ತವೆ. ಹೊಳಪಿನ ಸುಖ ಒಡೆಯನಿಗೆ, ಕುಳಿಯ ಅಪಕೀರ್ತಿ ಬಣ್ಣ ಹೊಡೆದವನಿಗೆ! ಇದು ನ್ಯಾಯವೇ? ತಪಾಸಣೆಯ ದಿನಕ್ಕೆಂದು ಉತ್ತರಗಳನ್ನು ಉರುಹೊಡೆಸಿದ ತರಗತಿಯೂ ಇಂಥದೇ. ಅಂದು ಅದು ಥಳಥಳಿಸುತ್ತದೆ. ಮರುವರ್ಷ ಅದೇ ಮಕ್ಕಳಿಗೆ ಭಿನ್ನರಾಶಿ ಕಲಿಸಹೊರಟ ಉಪಾಧ್ಯಾಯರಿಗೆ ಏನೂ ಅಂಟುತ್ತಿಲ್ಲವೇಕೆಂಬುದೇ ತಿಳಿಯದು.

ಹಾಗೆಂದು ಹೊಳಪನ್ನೇ ಹಳಿಯುವ ವೈರಾಗ್ಯವೂ ನಮಗೆ ಒಪ್ಪಿಗೆಯಿಲ್ಲ. ಆಯುಧಪೂಜೆಯಂದು ಗಾಡಿ ತೊಳೆದು ಕುಂಕುಮವಿಡುವವರು ಅದರ ಆಯುಷ್ಯವೆಷ್ಟೆಂದು ಲೆಕ್ಕ ಹಾಕುವುದಿಲ್ಲ. ಇಂದು ನಮ್ಮನ್ನು ಹೊತ್ತು ತಿರುಗುವ ವಸ್ತು ನಾಳೆ ಬದಲಾಗುವುದೆಂಬ ನೆಪದಿಂದ ಇಂದಿನ ಮರ್ಯಾದೆಯನ್ನು ಅದಕ್ಕೆ ತಪ್ಪಿಸುವುದು ತರವಲ್ಲ. ಉಜ್ಜುವವನು ಮುಂದೆ ಬರುವ ಕೆಲಸಗಾರನನ್ನೂ ನೆನೆಯಬೇಕೆಂಬುದಷ್ಟೇ ನಮ್ಮ ಆಗ್ರಹ. ಕಾರನ್ನು ಒಪ್ಪಿಸುವಾಗ ಇಂಥ ಪಾಲಿಷ್ ಹಾಕಿತ್ತೆಂದು ಒಂದು ಮಾತು ತಿಳಿಸಿದರೆ, ಆತ ಮೊದಲು ದ್ರಾವಕದಿಂದ ಜಿಡ್ಡು ತೆಗೆದು ಆಮೇಲೆ ಉಪ್ಪುಕಾಗದ ಹಿಡಿಯುತ್ತಾನೆ. ತಿಳಿಸದಿದ್ದರೆ ಕ್ರಮ ತಪ್ಪಿ, ಜಿಡ್ಡು ಗೀರುಗಳೊಳಕ್ಕೆ ಇಳಿಯುತ್ತದೆ.