ಕೊರ್ಬಾನ್ ಮತ್ತು ನೀಟ್ ಅರ್ಜಿ

ಕೂತ್ಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಜಾಗ ಇದೆ.

ಇವತ್ತು ಒಂದು ಪ್ರಶ್ನೆ ತಗೊಂಡು ಬಂದಿದ್ದೀನಿ. ಅದು ನಮ್ಮ ಯೌವನಸ್ಥರ ಕೂಟದ ಒಬ್ಬ ಸಹೋದರಿಯ ಪ್ರಶ್ನೆ. ಅವಳ ಅನುಮತಿ ಕೇಳಿಯೇ ಹೇಳ್ತಿದ್ದೀನಿ. ಹೆಸರು ಹೇಳಲ್ಲ, ನೀವೂ ಹುಡುಕಬೇಡಿ. ಅಫಜಲಪುರ ತಾಲೂಕಿನ ಒಂದು ಹಳ್ಳಿಯವಳು. ಕಲಬುರಗಿಯಲ್ಲಿ ಬಿ.ಎಸ್ಸಿ. ಮುಗಿಸಿ, ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಬಂದವಳು. ವಯಸ್ಸು 26. ಒಂದು ಕಂಪನಿಯಲ್ಲಿ ಆಸ್ಪತ್ರೆ ಬಿಲ್ಲುಗಳನ್ನು ನೋಡುವ ಕೆಲಸ. ಸಂಬಳ ಬಂದ ದಿನವೇ ಅರ್ಧ ಊರಿಗೆ ಹೋಗುತ್ತೆ. ಅಪ್ಪನಿಗೆ ಮೂರು ಎಕರೆ ತೊಗರಿ ಹೊಲ, ಜೊತೆಗೆ ಸಾಲ. ತಮ್ಮ ಪಿಯುಸಿ ಓದ್ತಿದ್ದಾನೆ.

ಎರಡು ತಿಂಗಳ ಹಿಂದೆ ಕೂಟ ಮುಗಿದ ಮೇಲೆ ಬಂದು ಹೇಳಿದಳು: "ಪಾಸ್ಟರ್, ಕೆಲಸ ಬಿಡ್ತೀನಿ. ನೀಟ್ ಬರೀತೀನಿ. ನಾನು ಡಾಕ್ಟರ್ ಆಗಬೇಕು ಅಂತ ದೇವರು ಮಾತಾಡಿದ್ದಾರೆ. ಪ್ರಾರ್ಥನೆ ಮಾಡಿ."

ಕೆಲವು ವರ್ಷಗಳ ಹಿಂದೆ ಆಗಿದ್ರೆ ನಾನು ಅಲ್ಲೇ ತಲೆ ಮೇಲೆ ಕೈ ಇಟ್ಟು, ಹಲ್ಲೆಲೂಯಾ ಅಂದು ಕಳಿಸ್ತಿದ್ದೆ. ಈ ಸಲ ಕೈ ಎತ್ತಲಿಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ, ಅದು ನನ್ನ ಪಾಪದ ಕಥೆ. ಅವತ್ತು ಒಂದೇ ಮಾತು ಕೇಳಿದೆ: "ಮನೆಯಲ್ಲಿ ಹೇಳಿದ್ದೀಯಾ?" ಅವಳು ತಲೆ ತಗ್ಗಿಸಿದಳು.

ಮೊದಲು ಈ ದಾರಿ ಎಂಥದ್ದು ಅಂತ ಸ್ವಲ್ಪ ತಿಳ್ಕೊಳ್ಳೋಣ. ಗೊತ್ತಿಲ್ಲದೆ ಪ್ರಾರ್ಥನೆ ಮಾಡೋದು ನಮ್ಮ ಜನರಿಗೆ ಅಭ್ಯಾಸವಾಗಿಬಿಟ್ಟಿದೆ. ಅಮೆರಿಕದಲ್ಲಿ ಮೊದಲು ಒಂದು ಡಿಗ್ರಿ ಮುಗಿಸಿ ಆಮೇಲೆ ಮೆಡಿಕಲ್ ಕಾಲೇಜಿಗೆ ಹೋಗ್ತಾರೆ. ಡಿಗ್ರಿಯಲ್ಲಿ ವಿಜ್ಞಾನ ಓದಿಲ್ಲದವರು ಮತ್ತೆ ವಿಶ್ವವಿದ್ಯಾಲಯಕ್ಕೆ ಸೇರಿ ಒಂದೆರಡು ವರ್ಷ ಆ ವಿಷಯಗಳನ್ನಷ್ಟೇ ಓದಿಕೊಳ್ಳೋ ಕೋರ್ಸುಗಳೂ ಇವೆ. ನಮ್ಮಲ್ಲಿ ಹಾಗಿಲ್ಲ. ಎಂ.ಬಿ.ಬಿ.ಎಸ್. ಪಿಯುಸಿ ಆದ ಮೇಲಿನ ಕೋರ್ಸು. ನೀನು ಬಿ.ಎಸ್ಸಿ. ಮಾಡಿರು, ಎಂ.ಎಸ್ಸಿ. ಮಾಡಿರು, ಆ ಅಂಕಗಳಿಗೆ ಅಲ್ಲಿ ಲೆಕ್ಕ ಇಲ್ಲ. ಹದಿನೇಳು ವರ್ಷದ ಮಕ್ಕಳ ಪಕ್ಕದಲ್ಲಿ ಕೂತು, ಅದೇ ಪಿಯುಸಿ ಪುಸ್ತಕದ ಪ್ರಶ್ನೆಗಳಿಗೆ, 720 ಅಂಕಗಳ ಪರೀಕ್ಷೆ ಬರೀಬೇಕು. ತಪ್ಪು ಉತ್ತರಕ್ಕೆ ಅಂಕ ಕಳೀತಾರೆ. ವಯಸ್ಸಿನ ಮೇಲ್ಮಿತಿಯನ್ನು 2022ರಲ್ಲಿ ತೆಗೆದರು. ಪಿಯುಸಿಯಲ್ಲಿ ಬಯಾಲಜಿ ಇಲ್ಲದವರು ಅದನ್ನು ನಂತರ ಹೆಚ್ಚುವರಿ ವಿಷಯವಾಗಿ ಮಾನ್ಯ ಮಂಡಳಿಯಲ್ಲಿ ಪಾಸು ಮಾಡಿದರೂ ನೀಟ್ ಬರೀಬಹುದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ಹೇಳಿತು. ಬಾಗಿಲು ತೆರೆದಿದೆ, ನಿಜ. ಆದರೆ ಒಳಗೆ ಹೋದ ಮೇಲೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ಸಲವೇ ಸೀಟು ಸಿಕ್ಕಿದರೂ ನಮ್ಮ ಸಹೋದರಿ ಡಾಕ್ಟರ್ ಆಗೋ ಹೊತ್ತಿಗೆ 33 ಹತ್ತಿರ.

ವಯಸ್ಸಾಯ್ತು ಅನ್ನೋ ಮಾತು ನನಗೆ ದೊಡ್ಡದಲ್ಲ. ಒಡಿಶಾದ ಜಯಕಿಶೋರ್ ಪ್ರಧಾನ್ ಬ್ಯಾಂಕಿನಿಂದ ನಿವೃತ್ತರಾಗಿ, 2020ರಲ್ಲಿ, 64ನೇ ವಯಸ್ಸಿನಲ್ಲಿ ಬುರ್ಲಾದ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಸೇರಿದರು. ಪೇಪರ್‌ನಲ್ಲಿ ಓದಿ ಎಲ್ಲರೂ ಚಪ್ಪಾಳೆ ಹೊಡೆದರು, ಕೆಲವರು ಒಬ್ಬ ಹುಡುಗನ ಸೀಟು ಹೋಯ್ತಲ್ಲ ಅಂದರು. ಆಲ್ಬರ್ಟ್ ಶ್ವೈಟ್ಜರ್ ಗೊತ್ತಲ್ಲ? ತತ್ವಶಾಸ್ತ್ರ, ದೇವಶಾಸ್ತ್ರ ಎರಡರಲ್ಲೂ ಡಾಕ್ಟರೇಟ್ ಪಡೆದು, ಪ್ರಸಂಗ ಮಾಡಿಕೊಂಡು, ಪುಸ್ತಕ ಬರೆದುಕೊಂಡಿದ್ದ ಮನುಷ್ಯ 1905ರಲ್ಲಿ, 30ನೇ ವಯಸ್ಸಿನಲ್ಲಿ, ಸ್ಟ್ರಾಸ್‌ಬರ್ಗ್‌ನಲ್ಲಿ ಮೆಡಿಕಲ್ ವಿದ್ಯಾರ್ಥಿಯಾದ. 1913ರಲ್ಲಿ ಆಫ್ರಿಕಾದ ಲಂಬರೆನೆಗೆ ಹೋದ. ಬರೀ ಮಾತಾಡಿ ಸಾಕಾಗಿದೆ, ಕೈಯಿಂದ ಏನಾದ್ರೂ ಮಾಡಬೇಕು ಅನ್ನೋದು ಅವನ ಭಾರ. ಪ್ರಸಂಗಿಯಾದ ನನಗೆ ಅದು ಚುಚ್ಚುತ್ತೆ. (ಆಫ್ರಿಕಾದವರನ್ನು ಅವನು ತಮ್ಮಂದಿರ ಹಾಗೆ ನೋಡಿದ, ಸಮಾನರ ಹಾಗೆ ನೋಡಲಿಲ್ಲ ಅನ್ನೋ ಟೀಕೆಯೂ ಇದೆ. ಅದೂ ಸರಿಯೇ.) ಆದರೆ ಇನ್ನೊಂದು ವಿಷಯ ಗಮನಿಸಿ. ಅವನು ಆರ್ಗನ್ ಕಛೇರಿ ಮಾಡಿ, ಪುಸ್ತಕದ ಹಣದಿಂದ ಆಸ್ಪತ್ರೆಗೆ ದುಡ್ಡು ಹೊಂದಿಸಿದ. ಅವನ ಸಂಬಳಕ್ಕೆ ಕಾದು ಕೂತ ಅಪ್ಪ ಇರಲಿಲ್ಲ.

ನಮ್ಮ ಸಹೋದರಿಗೆ ಇದ್ದಾರೆ. ಇಲ್ಲೇ ವಾಕ್ಯ ನನ್ನನ್ನು ಹಿಡೀತು.

ಮಾರ್ಕನ ಸುವಾರ್ತೆ ಏಳನೇ ಅಧ್ಯಾಯ ತೆಗೆಯಿರಿ. ಮನೆಗೆ ಹೋಗಿ ನಿಧಾನವಾಗಿ ಓದಿ, ಈಗ ನಾನು ಕಥೆ ಹೇಳ್ತೀನಿ. ಅಲ್ಲಿ ಕೊರ್ಬಾನ್ ಅಂತ ಒಂದು ಶಬ್ದ ಬರುತ್ತೆ, ದೇವರಿಗೆ ಮೀಸಲು ಅಂತ ಅರ್ಥ. ತಂದೆ ತಾಯಿಗೆ ಕೊಡಬೇಕಾದದ್ದನ್ನು ಒಬ್ಬ ಮನುಷ್ಯ ಕೊರ್ಬಾನ್ ಅಂದುಬಿಟ್ಟರೆ ಮುಗೀತು, ಅವರಿಗೆ ಏನೂ ಕೊಡಬೇಕಾಗಿಲ್ಲ, ಧರ್ಮದ ಪ್ರಕಾರ ಅವನು ಸರಿ. ಯೇಸುಸ್ವಾಮಿ ಇದನ್ನು ನೋಡಿ ಸಿಟ್ಟಾಗ್ತಾರೆ. ಯಾರ ಮೇಲೆ? ಕುಡುಕನ ಮೇಲಲ್ಲ, ಜೂಜುಗಾರನ ಮೇಲಲ್ಲ. ದೇವರ ಹೆಸರು ಹೇಳಿ ಮನೆ ಋಣ ತಪ್ಪಿಸಿಕೊಳ್ಳೋರ ಮೇಲೆ, ಅದಕ್ಕೆ ದಾರಿ ಮಾಡಿಕೊಟ್ಟ ಬೋಧಕರ ಮೇಲೆ. ಬೋಧಕರು ಅಂದ್ರೆ ನಾನು.

ನಾವು ಇವತ್ತು ಕೊರ್ಬಾನ್ ಅನ್ನಲ್ಲ. "ದೇವರು ನನ್ನನ್ನು ಕರೆದಿದ್ದಾರೆ" ಅಂತೀವಿ. ಆ ಮಾತಿಗೆ ಎದುರು ಮಾತಾಡೋಕೆ ಊರಲ್ಲಿರೋ ಅಪ್ಪನಿಗೆ ಧೈರ್ಯ ಬರುತ್ತಾ?

ನೀವು ಕೇಳಬಹುದು, ಪಾಸ್ಟರ್, ಯಾಕೋಬ ಯೋಹಾನರು ಅಪ್ಪನನ್ನು ದೋಣಿಯಲ್ಲೇ ಬಿಟ್ಟು ಹೊರಟರಲ್ಲ? ಹೊರಟರು. ಆದರೆ ಮಾರ್ಕನು ಅಲ್ಲೇ ಒಂದು ಸಣ್ಣ ಮಾತು ಸೇರಿಸಿದ್ದಾನೆ, ಎಷ್ಟೋ ವರ್ಷ ನಾನು ಅದನ್ನು ಓದಿ ದಾಟಿಬಿಟ್ಟಿದ್ದೆ. ಜೆಬೆದಾಯನ ಜೊತೆ ಕೂಲಿಯಾಳುಗಳಿದ್ದರು. ಬಲೆ ಎಳೆಯೋಕೆ ಜನ ಇದ್ದರು. ಅಫಜಲಪುರದ ತೊಗರಿ ಹೊಲದಲ್ಲಿ ಕೂಲಿಯಾಳು ಎಲ್ಲಿ? ಮಗಳ ಸಂಬಳವೇ ಕೂಲಿಯಾಳು.

ಹಾಗಂತ ಮನೆಯವರು ಹೇಳಿದ್ದೇ ದೇವರ ಚಿತ್ತ ಅಂತ ನಾನು ಹೇಳಲ್ಲ. ಋಣದ ಹೆಸರಲ್ಲಿ ಎಷ್ಟು ಹೆಣ್ಣುಮಕ್ಕಳ ಓದು ನಿಂತಿದೆ ಅಂತ ನಮ್ಮ ಭಾಗದವರಿಗೆ ಹೇಳಿಕೊಡಬೇಕಾ? "ಸಾಕು, ಈಗ ಮದುವೆ" ಅನ್ನೋದೂ ಒಂದು ಕೊರ್ಬಾನೇ, ಅದು ಸಂಪ್ರದಾಯದ ಹುಂಡಿಗೆ ಹಾಕಿದ ಕೊರ್ಬಾನ್. ಆದ್ದರಿಂದ ನಾನು ಅವಳಿಗೆ ಹೋಗಬೇಡ ಅನ್ನಲಿಲ್ಲ. ಲೆಕ್ಕ ಹಾಕು, ಊರಿಗೆ ಹೋಗು, ಮುಖಾಮುಖಿ ಕೂತು ಹೇಳು ಅಂದೆ.

ಈಗ ನನ್ನ ಪಾಪದ ಕಥೆ.

ನಾನು ಜೇವರ್ಗಿ ತಾಲೂಕಿನವನು. ಚಿಕ್ಕವನಿದ್ದಾಗ ನನ್ನ ಚಿಕ್ಕಮ್ಮನನ್ನು ಹೆರಿಗೆಗೆ ಅಂತ ಟಂಟಂನಲ್ಲಿ ಮಲಗಿಸಿ ಕಲಬುರಗಿಗೆ ಕರ್ಕೊಂಡು ಹೋಗಿದ್ದು ನೆನಪಿದೆ. ಭೀಮಾ ನದಿ ಸೇತುವೆ ಮೇಲೆ ಮಗು ಹುಟ್ಟಿತು. ಇಬ್ಬರೂ ಉಳಿದರು, ಸ್ತೋತ್ರ. ಆ ಮಗು ಈಗ ಅದೇ ರಸ್ತೆಯಲ್ಲಿ ಗಾಡಿ ಓಡಿಸ್ತಾನೆ. ನಮ್ಮ ಕಡೆ ಯಾರಿಗೆ ಕೇಳಿದರೂ ಇಂಥ ಒಂದು ಕಥೆ ಸಿಗುತ್ತೆ. ಆಳಂದದವರು, ಅಫಜಲಪುರದವರು ಎಷ್ಟೋ ಸಲ ಕಲಬುರಗಿ ಬಿಟ್ಟು ಸೊಲ್ಲಾಪುರಕ್ಕೇ ಓಡ್ತಾರೆ. ಅದಕ್ಕೇ ನಮ್ಮ ಪ್ರಾರ್ಥನೆಯಲ್ಲಿ "ಈ ಮಗು ಡಾಕ್ಟರ್ ಆಗಲಿ ಕರ್ತನೇ" ಅನ್ನೋದು ಬಾಯಿಗೆ ಬಂದೇ ಬರುತ್ತೆ.

ಕೆಲವು ವರ್ಷಗಳ ಹಿಂದೆ ಆಳಂದ ಕಡೆ ಒಂದು ಉಪವಾಸ ಪ್ರಾರ್ಥನೆ ಕೂಟ. ಒಬ್ಬ ಹುಡುಗ ಮುಂದೆ ಬಂದ, ಬಿ.ಎಸ್ಸಿ. ಕೊನೇ ವರ್ಷ. ನಾನು ತಲೆ ಮೇಲೆ ಕೈ ಇಟ್ಟು, ನೂರಾರು ಜನರ ಮುಂದೆ, "ದೇವರು ನಿನ್ನನ್ನು ಡಾಕ್ಟರ್ ಮಾಡ್ತಾರೆ" ಅಂದೆ. ಆತ್ಮನ ಪ್ರೇರಣೆಯೋ, ಮೈಕಿನ ಪ್ರೇರಣೆಯೋ? ಇವತ್ತು ನಿಮ್ಮ ಮುಂದೆ ಒಪ್ಪಿಕೊಳ್ತೀನಿ, ಅದು ನನ್ನ ಆಸೆ. ನಮ್ಮ ಊರಿಗೊಬ್ಬ ಡಾಕ್ಟರ್ ಬೇಕು ಅನ್ನೋ ಆಸೆ, ನನ್ನ ಪ್ರವಾದನೆ ನೆರವೇರಬೇಕು ಅನ್ನೋ ಆಸೆಯೂ ಸ್ವಲ್ಪ. ಆ ಹುಡುಗ ನಾಲ್ಕು ಸಲ ನೀಟ್ ಬರೆದ. ಅವನ ಅಪ್ಪ ಕೋಚಿಂಗ್‌ಗೆ ಅಂತ ಹೊಲ ಅಡವಿಟ್ಟರು. ಮೂರನೇ ಸಲ ಸಾಲದಿದ್ದಾಗ ಬಿಡ್ತೀನಿ ಅಂದನಂತೆ. "ಪಾಸ್ಟರ್ ಹೇಳ್ಯಾರ, ದೇವರ ಮಾತು ಸುಳ್ಳಾಗ್ತದೇನು?" ಅಂತ ಅವನ ತಾಯಿ ಬಿಡಗೊಡಲಿಲ್ಲ. ನಾಲ್ಕನೇ ಸಲವೂ ಆಗಲಿಲ್ಲ. ಅವನು ಸಭೆಗೆ ಬರೋದು ನಿಲ್ಲಿಸಿದ. ಹೋದ ವರ್ಷ ಧೈರ್ಯ ಮಾಡಿ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ದೇವರ ಮ್ಯಾಲ ಸಿಟ್ಟಿಲ್ರಿ ಪಾಸ್ಟರ್. ನಿಮ್ಮ ಮ್ಯಾಲ ಅದ."

ಕ್ಷಮೆ ಕೇಳಿದೆ. ಆಯ್ತ್ರಿ ಅಂದು ಫೋನ್ ಇಟ್ಟ. ಹೊಲ ಇನ್ನೂ ಅಡವಲ್ಲೇ ಇದೆ.

ಅದಕ್ಕೇ ಆ ದಿನ ನನ್ನ ಕೈ ಎದ್ದಿಲ್ಲ. ದೇವರು ಮಾತಾಡಲ್ಲ ಅಂತಲ್ಲ. ನಾನೂ ಪೆಂತೆಕೊಸ್ತನೇ, ಮಾತಾಡ್ತಾರೆ ಅಂತ ನಂಬ್ತೀನಿ. ಆದರೆ ಕೇಳಿದ್ದನ್ನು ಪರೀಕ್ಷೆ ಮಾಡೋ ಕೆಲಸ ನಮಗೇ ಬಿಟ್ಟಿದ್ದಾರೆ. ನಾನು ಆ ಸಹೋದರಿಗೆ ಒಂದು ಪ್ರಶ್ನೆ ಕೊಟ್ಟೆ. "ನಿನ್ನ ಭಾರ ಏನು? ಡಾಕ್ಟರ್ ಆಗೋದಾ, ರೋಗಿಗಳಾ?" ಊರಲ್ಲಿ ಬಿ.ಪಿ., ಶುಗರ್ ಇದೆ ಅಂತ ಗೊತ್ತೇ ಇಲ್ಲದೆ ಹೊಲದಲ್ಲಿ ಕುಸಿದು ಬೀಳೋ ಹೆಂಗಸರು ಅಂದಳು, ಅವಳ ಅಜ್ಜಿ ಹಾಗೇ ಹೋದರು. ಹಾಗಿದ್ರೆ ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಜಿ.ಎನ್.ಎಂ. ಮೂರು ವರ್ಷ. ಅದನ್ನು ಓದಿದವರೇ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಹಳ್ಳಿಯ ಆಯುಷ್ಮಾನ್ ಕೇಂದ್ರದಲ್ಲಿ ಕೂತು, ನೀನು ಹೇಳ್ತಿರೋ ಆ ಬಿ.ಪಿ., ಶುಗರನ್ನೇ ನೋಡ್ತಾರೆ. ಅದು ಯಾಕೆ ಬೇಡ?

ಅವಳು ತಡವರಿಸಿದಳು. ನಾನೂ ತಡವರಿಸಬೇಕು, ಯಾಕಂದ್ರೆ ಈ ಸಭೆಯಲ್ಲಿ ಎಷ್ಟೋ ವರ್ಷದಿಂದ ಪ್ರಾರ್ಥನೆ ಕೋರಿಕೆ ಓದ್ತಿದ್ದೀನಿ, "ನನ್ನ ಮಗ ನರ್ಸ್ ಆಗಲಿ" ಅಂತ ಒಂದು ಚೀಟಿಯೂ ಬಂದಿಲ್ಲ. ನಮ್ಮ ಸಭೆಯಲ್ಲಿ ನರ್ಸುಗಳು ಎಷ್ಟು ಜನ ಇದ್ದೀರಿ, ಕೈ ಎತ್ತಿ? ನೋಡಿ. ನೈಟ್ ಡ್ಯೂಟಿ ಮುಗಿಸಿ ನೇರ ಇಲ್ಲಿಗೆ ಬಂದವರು. ಇವರನ್ನು ಯಾವತ್ತಾದರೂ ವೇದಿಕೆಗೆ ಕರೆದಿದ್ದೀವಾ?

ಆದರೆ ಅವಳು ಒಳ್ಳೇ ಉತ್ತರವನ್ನೂ ಕೊಟ್ಟಳು. ಸೇತುವೆ ಮೇಲೆ ಹೆರಿಗೆ ಕಷ್ಟ ಆದರೆ ಆಪರೇಷನ್ ಮಾಡೋಕೆ ಡಾಕ್ಟರೇ ಬೇಕಲ್ಲ ಪಾಸ್ಟರ್, ಎಲ್ಲರೂ ನರ್ಸ್ ಆದರೆ ರೆಫರ್ ಮಾಡೋದು ಯಾರಿಗೆ, ಅಂದಳು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಇನ್ನೊಂದು ಮಾತು, ಇದು ನಮ್ಮ ಭಾಗದವರಿಗೆ. 371ಜೆ ತಿದ್ದುಪಡಿ ಬಂದ ಮೇಲೆ, 2013ರ ಆದೇಶದ ಪ್ರಕಾರ, ನಮ್ಮ ಪ್ರದೇಶದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ನಮ್ಮ ಜನರಿಗೆ, ರಾಜ್ಯದ ಉಳಿದ ಕಡೆ ನೂರಕ್ಕೆ 8. ಕಲಬುರಗಿಯಲ್ಲಿ 1963ರಿಂದ ಎಂ.ಆರ್. ಮೆಡಿಕಲ್ ಕಾಲೇಜು ಇತ್ತು, ಈಗ ಜಿಮ್ಸ್ ಇದೆ, ಇ.ಎಸ್.ಐ. ಕಾಲೇಜು ಇದೆ. ಆಳಂದ ರಸ್ತೆಯ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೇ ಬಂದು ಕೂತಿದೆ. ಆ ಮೀಸಲು ಯಾಕೆ ಕೊಟ್ಟರು? ಊರು ಹಿಂದುಳಿದಿದೆ ಅಂತ. ಅಂದ್ರೆ ನಿನ್ನ ಸೀಟಿನಲ್ಲಿ ಊರಿನ ಪಾಲಿದೆ. ಆ ಸೀಟಲ್ಲಿ ಓದಿ ಬೆಂಗಳೂರಿನ ಮಾಲ್ ಪಕ್ಕ ಕ್ಲಿನಿಕ್ ಇಟ್ಟರೆ ತಪ್ಪಾ? ತಪ್ಪು ಅಂತ ಜೋರಾಗಿ ಹೇಳೋಣ ಅಂತಿದ್ದೆ. ಆಮೇಲೆ ನೆನಪಾಯ್ತು, ಜೇವರ್ಗಿಯವನಾದ ನಾನು ಪ್ರಸಂಗ ಮಾಡ್ತಿರೋದು ಎಲ್ಲಿ ನಿಂತು? ಇಂಜಿನಿಯರನಿಗೆ, ಪಾಸ್ಟರನಿಗೆ ಕೇಳದ ಪ್ರಶ್ನೆಯನ್ನು ಡಾಕ್ಟರಿಗೆ ಮಾತ್ರ ಕೇಳೋದು ನ್ಯಾಯ ಅಲ್ಲ.

ಪೌಲನ ಜೊತೆ ಲೂಕ ಇದ್ದ, ವೈದ್ಯ. ಲೂಕ ಯಾರಿಗೆ ಯಾವ ಔಷಧಿ ಕೊಟ್ಟ ಅಂತ ಎಲ್ಲೂ ಬರೆದಿಲ್ಲ. ಕೊನೆಗಾಲದಲ್ಲಿ ಎಲ್ಲರೂ ಬಿಟ್ಟುಹೋದಾಗ ಲೂಕ ಒಬ್ಬನೇ ಪಕ್ಕದಲ್ಲಿದ್ದ ಅಂತ ಮಾತ್ರ ಪೌಲ ಬರೆದಿದ್ದಾನೆ.

ಸಹೋದರಿ ಕಳೆದ ವಾರ ಊರಿಗೆ ಹೋಗಿದ್ದಳು. ಲೆಕ್ಕದ ಹಾಳೆ ತಗೊಂಡು ಹೋಗಿದ್ದಳು: ಎಷ್ಟು ಉಳಿದಿದೆ, ಎಷ್ಟು ತಿಂಗಳು ಮನೆಗೆ ಕಳಿಸೋಕೆ ಆಗಲ್ಲ, ತಮ್ಮನ ಫೀಸು ಯಾರು ಕಟ್ಟೋದು. ಕೆಲಸ ಬಿಡದೆ ಒಂದು ವರ್ಷ ರಾತ್ರಿ ಓದಿ ಒಂದೇ ಸಲ ನೀಟ್ ಬರೆಯೋದು, ಆಗದಿದ್ದರೆ ನರ್ಸಿಂಗ್‌ಗೆ ಹೋಗೋದು ಅಂತ ಅವಳ ಯೋಚನೆ. ತಾಯಿ ಅತ್ತರಂತೆ. ಅಪ್ಪ ಹಾಳೆ ಹಿಡ್ಕೊಂಡು ತುಂಬಾ ಹೊತ್ತು ನೋಡಿದರಂತೆ, ಅವರಿಗೆ ಓದೋಕೆ ಬರಲ್ಲ. ಹಣದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೇಳಿದ್ದು ಇಷ್ಟೇ: "ಡಾಕ್ಟರ್ ಆದ ಮ್ಯಾಲ ಈ ಊರಿಗಿ ಬರ್ತಿ ಏನವ್ವ?"

ಅವಳಿಗೆ ಹೌದು ಅನ್ನೋಕೆ ಆಗಲಿಲ್ಲ. ಇಲ್ಲ ಅನ್ನೋಕೂ ಆಗಲಿಲ್ಲ. ರಾತ್ರಿ ರೈಲಲ್ಲಿ ಕೂತು ನನಗೆ ಮೆಸೇಜ್ ಹಾಕಿದಳು: "ಪಾಸ್ಟರ್, ಅಪ್ಪನಿಗೆ ಸುಳ್ಳು ಹೇಳಲಿಲ್ಲ."

ಎದ್ದು ನಿಲ್ಲೋಣ. ಅವಳಿಗಾಗಿ, ಆಳಂದದ ಆ ಹುಡುಗನಿಗಾಗಿ, ಅವನ ಅಪ್ಪನ ಹೊಲಕ್ಕಾಗಿ ಪ್ರಾರ್ಥಿಸೋಣ. ಆ ಹೊಲ ಬಿಡಿಸೋಕೆ ಹಿಂದಿನ ಮೇಜಿನ ಮೇಲೆ ಒಂದು ಡಬ್ಬಿ ಇಟ್ಟಿದ್ದೀನಿ, ಮೊದಲು ನಾನು ಹಾಕಿದ್ದೀನಿ. ನೈಟ್ ಡ್ಯೂಟಿ ಮುಗಿಸಿ ಬಂದವರು ಮುಂದೆ ಬನ್ನಿ.