ಮರೆತವರ ವ್ರತ

ಆಹಾರ ಬಿಡುತ್ತ ದೇಹ ತ್ಯಜಿಸುವ ಜೈನ ವ್ರತ ಸಲ್ಲೇಖನ. ಅದಕ್ಕೆ ಯಾವಾಗ ಅವಕಾಶ ಎಂಬುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬಿಡಿಸಿ ಹೇಳಿದ್ದಾರೆ. ಉಪಸರ್ಗ (ಬಂದೆರಗಿದ ವಿಪತ್ತು), ಬರಗಾಲ, ಮುಪ್ಪು, ರೋಗ ಇವು ಪ್ರತೀಕಾರವೇ, ಅಂದರೆ ಪರಿಹಾರವೇ, ಇಲ್ಲದ ಹಂತ ಮುಟ್ಟಿದಾಗ ಮಾತ್ರ. ಪ್ರತೀಕಾರ ಇದ್ದರೆ ಮೊದಲು ಅದನ್ನು ಮಾಡಿ ಮುಗಿಸಬೇಕು. ಜೊತೆಗೆ, ವ್ರತ ಹಿಡಿಯುವವರು ಎಚ್ಚರದಲ್ಲಿರಬೇಕು. ಏನನ್ನು ಬಿಡುತ್ತಿದ್ದೇನೆ ಎಂದು ಬಲ್ಲವರಾಗಿರಬೇಕು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಹೀಗೆ ದೇಹ ಬಿಟ್ಟವರ ಶಾಸನಗಳು ಸಾಲಾಗಿವೆ. ಅವರಲ್ಲಿ ಒಬ್ಬರೂ ಮೈಮರೆತು ಹೋದವರಲ್ಲ.

ಈ ಎರಡು ಶರತ್ತುಗಳ ನಡುವೆ ಡಿಮೆನ್ಶಿಯಾ ಎಲ್ಲಿ ನಿಲ್ಲುತ್ತದೆ? ಅದು ಇಂದಿಗೂ ಪ್ರತೀಕಾರವಿಲ್ಲದ ರೋಗ. ಆದರೆ ಹಾಗೆಂದು ಖಾತ್ರಿಯಾಗುವ ಹೊತ್ತಿಗೆ ವ್ರತ ಹಿಡಿಯುವ ಮನಸ್ಸೇ ಉಳಿದಿರುವುದಿಲ್ಲ.

ನಾನು ಕಾರ್ಕಳದಲ್ಲಿ ಮದ್ದಿನಂಗಡಿ ನಡೆಸಿದವಳು, ಶಾಸ್ತ್ರ ಓದಿದವಳಲ್ಲ. ಈ ಪ್ರಶ್ನೆ ನನ್ನನ್ನು ಹಿಡಿದದ್ದು ಅತ್ತೆಯವರ ದೆಸೆಯಿಂದ. ಮದುವೆಯಾಗಿ ಬಂದಂದಿನಿಂದ ಸೂರ್ಯ ಮುಳುಗಿದ ಮೇಲೆ ಒಂದು ಗುಟುಕು ನೀರೂ ಕುಡಿಯದ ಜೀವ ಅದು. ಮರೆವು ಗಟ್ಟಿಯಾದ ಮೇಲೆ ರಾತ್ರಿ ಒಂಬತ್ತಕ್ಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಯಾರೂ ಊಟ ಹಾಕಲಿಲ್ಲ" ಎಂದು ಅಳತೊಡಗಿದರು. ಬಡಿಸಿದರೆ ಅವರ ಜೀವಮಾನದ ವ್ರತ ಮುರಿಯುತ್ತದೆ. ಬಡಿಸದಿದ್ದರೆ ಹಸಿದ ಮುದುಕಿಯನ್ನು ಅಳಿಸಿದ ಪಾಪ. ಮರೆವಿಗೆ ಕೊಡುವ ಡೊನೆಪೆಜಿಲ್ ಮಾತ್ರೆಯನ್ನು ಸಾಮಾನ್ಯವಾಗಿ ಮಲಗುವಾಗ ಕೊಡಲು ಬರೆಯುತ್ತಾರೆ. ವೈದ್ಯರಿಗೆ ಹೇಳಿ ಅದನ್ನು ಬೆಳಗಿಗೆ ಬದಲಿಸಿಕೊಂಡೆ, ಜೆಲಟಿನ್ ಕ್ಯಾಪ್ಸೂಲ್ ಬೇಡವೆಂದೂ ಕೇಳಿಕೊಂಡೆ. ಊಟವನ್ನು ಮಾತ್ರ ಬದಲಿಸಲಾಗಲಿಲ್ಲ. ಬಡಿಸಿದೆ. ವ್ರತ ಹಿಡಿದವರಿಗೆ ಅದು ಗೊತ್ತೇ ಇಲ್ಲದಿರುವಾಗ ಮುರಿಯುವುದಾದರೂ ಏನು ಎಂಬುದು ನನ್ನ ಸಮಾಧಾನ.

ಬಸದಿಯಲ್ಲಿ ಎರಡು ಬಗೆಯ ಮಾತು ಕೇಳಿದೆ. ಒಂದು, ಇದು ಜ್ಞಾನಾವರಣೀಯ ಕರ್ಮದ ಉದಯ, ಅನುಭವಿಸಲೇಬೇಕು ಎಂದು. ಕರ್ಮವನ್ನು ಹಣೆಬರಹ ಮಾಡಿಬಿಡುವ ಇಂಥ ಮಾತು ನಮ್ಮ ಸಿದ್ಧಾಂತಕ್ಕೆ ಒಪ್ಪುವುದಿಲ್ಲ. ಜ್ಞಾನ ಜೀವದ ಸ್ವಭಾವ. ಕರ್ಮ ಅದನ್ನು ಮುಚ್ಚಬಲ್ಲದೇ ಹೊರತು ಅಳಿಸಲಾರದು. ಆ ಕರ್ಮ ಕ್ಷಯೋಪಶಮವಾಗಿ ಮುಸುಕು ತೆಳುವಾಗುವುದಕ್ಕೂ ಅವಕಾಶವಿದೆ, ಅದಕ್ಕೆ ಹೊರಗಿನ ನಿಮಿತ್ತಗಳೂ ಒದಗುತ್ತವೆ. ಮದ್ದು ಅಂಥದೊಂದು ನಿಮಿತ್ತ ಏಕಾಗಬಾರದು? ನಮ್ಮ ನಾಡಿನ ಜೈನ ಶಾಸನಗಳು ಹೊಗಳುವ ನಾಲ್ಕು ದಾನಗಳಲ್ಲಿ ಆಹಾರ, ಅಭಯ, ಶಾಸ್ತ್ರಗಳ ಜೊತೆ ಔಷಧವೂ ಇದೆ. ಅನುಭವಿಸಲೇಬೇಕು ಎಂದಿದ್ದರೆ ಔಷಧದಾನಕ್ಕೆ ಪುಣ್ಯ ಬರುವುದು ಹೇಗೆ?

ಇನ್ನೊಂದು ಮಾತು ಸವಿಯಾದದ್ದು, ಹಾಗಾಗಿ ಹೆಚ್ಚು ಅಪಾಯದ್ದು: "ಅಜ್ಜಿಗೆ ಮಕ್ಕಳ ಹೆಸರೂ ಮರೆತಿದೆ, ಮೋಹವೆಲ್ಲ ಕಳಚಿದೆ, ಪುಣ್ಯವಂತರು." ಸಲ್ಲೇಖನದಲ್ಲಿ ಹಳೆಯ ಸ್ನೇಹಿತರನ್ನು ನೆನೆಯುವುದೂ ಒಂದು ಅತಿಚಾರ, ವ್ರತಕ್ಕೆ ತಗಲುವ ದೋಷ, ಎಂದು ಹೇಳಿರುವುದು ನಿಜ. ಅದೇ ಪಟ್ಟಿಯಲ್ಲಿ ಭಯವೂ ಇದೆ. ಸಂಜೆಯಾದರೆ ಅತ್ತೆ, ಎಂದೋ ತೀರಿಹೋದ ತಮ್ಮ ತಾಯಿಯನ್ನು ಕೋಣೆಯಿಂದ ಕೋಣೆಗೆ ಹುಡುಕುತ್ತಾರೆ, ಸಿಗದೆ ನಡುಗುತ್ತಾರೆ. ಮೋಹ ಎಲ್ಲಿಗೂ ಹೋಗಿಲ್ಲ, ಅದರ ವಿಳಾಸ ಮಾತ್ರ ಕಳೆದಿದೆ. ಕೈಯಲ್ಲಿದ್ದುದನ್ನು ಅರಿತು ಬಿಟ್ಟರೆ ತ್ಯಾಗ. ಅರಿವಿಲ್ಲದೆ ಜಾರಿ ಹೋದದ್ದನ್ನು ತ್ಯಾಗ ಎಂದು ಕರೆದು ನಾವು ನಮ್ಮ ಕೆಲಸ ಹಗುರ ಮಾಡಿಕೊಳ್ಳುತ್ತೇವೆ, ಅಷ್ಟೆ.

ಹಾಗಾದರೆ ಪ್ರತೀಕಾರದ ಕಡೆಯಿಂದ ಏನಾಗಿದೆ? ಮಿದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕೋಶಗಳಿವೆ. ಸ್ಪೇನಿನ ಪಿಯೋ ದೆಲ್ ರಿಯೋ ಓರ್ತೇಗಾ 1919ರಲ್ಲಿ ಅವನ್ನು ಗುರುತಿಸಿದರು. ಕಸ ಗುಡಿಸುವುದು, ಸೋಂಕು ತಡೆಯುವುದು ಅವುಗಳ ಕೆಲಸ. ಡಿಮೆನ್ಶಿಯಾದ ಒಂದು ಬಗೆಯಾದ ಆಲ್ಜೈಮರ್ ಕಾಯಿಲೆಯಲ್ಲಿ ಅವು ಬೆಂಕಿ ಆರಿಸಲು ಬಂದು ಮನೆಯನ್ನೇ ನೀರಲ್ಲಿ ಮುಳುಗಿಸುವವರಂತೆ ವರ್ತಿಸುತ್ತವೆ. ಉರಿಯೂತ ನಿಲ್ಲುವುದೇ ಇಲ್ಲ. ಸಂಧಿವಾತಕ್ಕೆ ವರ್ಷಗಟ್ಟಲೆ ಉರಿಯೂತ ತಗ್ಗಿಸುವ ಮಾತ್ರೆ ನುಂಗಿದವರಲ್ಲಿ ಆಲ್ಜೈಮರ್ ಕಡಿಮೆ ಎಂದು ಕೆನಡಾದ ಪ್ಯಾಟ್ರಿಕ್ ಮೆಕ್‌ಗೀರ್ 1990ರಲ್ಲಿ ಗಮನ ಸೆಳೆದರು. ಆಸೆ ಹುಟ್ಟಿತು. ಆದರೆ ಅಮೆರಿಕದಲ್ಲಿ 70 ದಾಟಿದ 2,500ಕ್ಕೂ ಹೆಚ್ಚು ಜನರಲ್ಲಿ ನ್ಯಾಪ್ರಾಕ್ಸೆನ್, ಸೆಲೆಕಾಕ್ಸಿಬ್‌ಗಳನ್ನು ಪರೀಕ್ಷಿಸಿ ನೋಡಿದ ಪ್ರಯೋಗವನ್ನು 2004ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಆ ಮಾತ್ರೆಗಳು ಮರೆವನ್ನು ತಡೆಯಲಿಲ್ಲ.

ಒಂದೇ ಮದ್ದು ಸಾಲದಿದ್ದರೆ ಎರಡನ್ನು ಕೂಡಿಸಿದರೆ ಹೇಗೆ ಎಂಬ ಯೋಚನೆಯೂ ಬಂತು. ಕೂಡಿಸಿದ ಒಂದು ಜೋಡಿ ಅಂಗಡಿಯವಳಾದ ನನಗೆ ಚಿರಪರಿಚಿತ: ಆಸ್ತಮಾಕ್ಕೆ ಸೇದುವ ಕ್ರೋಮೋಲಿನ್, ನೋವಿಗೆ ನುಂಗುವ ಐಬುಪ್ರೊಫೆನ್. ಕ್ರೋಮೋಲಿನ್ನಿನ ಮೂಲ ಈಜಿಪ್ಟಿನ ಹಳ್ಳಿಮದ್ದು ಖೆಲ್ಲಾ ಗಿಡದಲ್ಲಿದೆ. ಅದನ್ನು ಬೆಳಕಿಗೆ ತಂದ ಡಾ. ರೋಜರ್ ಆಲ್ಟೂನ್ಯನ್ ಸ್ವತಃ ಆಸ್ತಮಾ ರೋಗಿ. ಪ್ರಾಣಿಗಳಲ್ಲಿ ಫಲ ಕೊಟ್ಟದ್ದು ಮನುಷ್ಯರಿಗೆ ಕೊಡಲಾರದು ಎಂದು ಕಂಡು, ಗಿನಿ ಹಂದಿಯ ಕೂದಲಿನ ಸಾರ ಸೇದಿ ತನಗೇ ಉಬ್ಬಸ ಬರಿಸಿಕೊಂಡು, ಒಂದೊಂದೇ ರಾಸಾಯನಿಕವನ್ನು ತನ್ನ ಮೇಲೆ ಪರೀಕ್ಷಿಸಿದರು. ಹಿಂಸೆಯ ಲೆಕ್ಕದಲ್ಲಿ ಐಬುಪ್ರೊಫೆನ್ನಿನ ಕಥೆ ಅಷ್ಟು ಶುಭ್ರವಲ್ಲ. ಅದನ್ನು ಕಂಡುಹಿಡಿದ ಸ್ಟೀವರ್ಟ್ ಆಡಮ್ಸ್ ಮೊದಲು ನೋಡಿದ್ದು ಗಿನಿ ಹಂದಿಗಳ ಚರ್ಮದ ಮೇಲೆ. ಈ ಜೋಡಿ ಮನುಷ್ಯರ ಮೇಲಿನ ದೊಡ್ಡ ಪ್ರಯೋಗದವರೆಗೂ ಹೋಯಿತು, ಆದರೆ ಮರೆವಿಗೆ ಬರೆದುಕೊಡುವ ಮದ್ದಾಗಿಲ್ಲ. 2025ರಲ್ಲಿ ಕ್ಯಾಲಿಫೋರ್ನಿಯಾದ ಮರೀನಾ ಸಿರೋಟಾ ಮತ್ತು ಯಾಡಾಂಗ್ ಹುವಾಂಗ್ ಅವರ ತಂಡ ಎರಡು ಕ್ಯಾನ್ಸರ್ ಮದ್ದುಗಳನ್ನು ಜೋಡಿಸಿತು. ಲೆಟ್ರೊಜೋಲ್ ನರಕೋಶಗಳಿಗೆ, ಇರಿನೋಟೆಕಾನ್ ಗ್ಲಿಯಾ ಕೋಶಗಳಿಗೆ. 65 ದಾಟಿದ 14 ಲಕ್ಷ ಜನರ ಆಸ್ಪತ್ರೆ ದಾಖಲೆಗಳನ್ನೂ ಜಾಲಾಡಿ ಆರಿಸಿದ ಜೋಡಿ ಇದು. ಇಲಿಗಳ ನೆನಪು ಸುಧಾರಿಸಿತು. ಇಲಿಗಳದ್ದು ಮಾತ್ರ. ದಯವಿಟ್ಟು ಯಾರೂ ಈ ಎರಡು ಜೋಡಿಗಳಲ್ಲಿ ಯಾವುದನ್ನೂ ಅಂಗಡಿಯಲ್ಲಿ ಕೇಳಬೇಡಿ. ಮುದಿ ಹೊಟ್ಟೆಗೂ ಮೂತ್ರಪಿಂಡಕ್ಕೂ ಐಬುಪ್ರೊಫೆನ್ ಒಂದೇ ಸಾಕು ಕೆಡಿಸಲು.

(ಹಲವು ಮದ್ದು, ಹಲವು ದಿಕ್ಕು ಎಂದೊಡನೆ ನಮ್ಮವರು, ಸತ್ಯಕ್ಕೆ ಹಲವು ಮುಖ ಎನ್ನುವ ಅನೇಕಾಂತವಾದ ಗೆದ್ದಿತೆಂದು ಭಾಷಣ ಮಾಡಲು ಹೊರಡುತ್ತಾರೆ. ಬೇಡ. ಪ್ರಯೋಗ ಗೆಲ್ಲಲಿ ಮೊದಲು.)

ಹಳೆಯ ಮದ್ದುಗಳ ಜೋಡಣೆಯಲ್ಲಿ ಜೈನರು ತೂಗಿ ನೋಡಬೇಕಾದ ಬೇರೊಂದು ಸಂಗತಿ ಇದೆ. ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು, ಮೂರರಿಂದಲೂ ಹಿಂಸೆ ಅಂಟುತ್ತದೆ ಎನ್ನುತ್ತೇವೆ. ಪ್ರತಿ ಹೊಸ ಅಣುವಿನ ಹಿಂದೆ ಪ್ರಾಣಿಗಳ ಸಾವು ಇರುತ್ತದೆ. ನಾನು ಜೀವನ ಪೂರ್ತಿ ಮಾರಿದ್ದು ಅವುಗಳ ಲೆಕ್ಕದಲ್ಲೇ. ವಿಷಪರೀಕ್ಷೆ ಎಂದೋ ಮುಗಿದ ಮದ್ದಿಗೆ ಆ ಬಲಿ ಮತ್ತೆ ಮೊದಲಿನಿಂದ ಬೇಕಾಗುವುದಿಲ್ಲ. ಹಿಂಸೆ ಇಲ್ಲ ಎನ್ನಲಾರೆ, ಮೇಲಿನ ಇಲಿಗಳೇ ಸಾಕ್ಷಿ. ಕಡಿಮೆ ಎನ್ನಬಲ್ಲೆ. ಗೃಹಸ್ಥರಿಗೆ ಅಣುವ್ರತ, ಅಂದರೆ ಕಿರುವ್ರತ, ಹೇಳಿದ ಧರ್ಮಕ್ಕೆ ಕಡಿಮೆ ಎಂಬುದರ ಬೆಲೆ ಗೊತ್ತು.

ನನಗೆ ಕಾಣುವುದು ಇಷ್ಟು. ಪ್ರತೀಕಾರವಿಲ್ಲ ಎಂಬುದು ರೋಗದ ಗುಣವಲ್ಲ, ಆ ಕಾಲದ ತಿಳಿವಳಿಕೆಯ ಮಟ್ಟ. ಆಚಾರ್ಯರ ಕಾಲದಲ್ಲಿ ಹಾಗಿದ್ದ ಎಷ್ಟೋ ರೋಗ ಇಂದು ಹಾಗಿಲ್ಲ. ಮರೆವೂ ಆ ಗೆರೆ ದಾಟಬಹುದು. ಅದುವರೆಗೆ, ಮರೆತವರ ಪರವಾಗಿ ಮನೆಯವರು ಸಲ್ಲೇಖನ ಕೊಡಿಸುವುದಕ್ಕೆ ಧರ್ಮದ ಹೆಸರು ಸಲ್ಲದು. ಕಾಯಿಲೆ ಬಂದರೆ ನನಗೆ ವ್ರತ ಕೊಡಿಸಿ ಎಂದು ಮುಂಚೆಯೇ ಬರೆದಿಟ್ಟರೂ ಆಗದು. ವ್ರತವನ್ನು ದಿನದಿನವೂ ಅರಿವಿನಿಂದ ಹಿಡಿದಿರಬೇಕು, ಕಾಗದ ಅದನ್ನು ಹಿಡಿಯಲಾರದು.

ಕಾಗದಕ್ಕೆ ಆಗುವ ಕೆಲಸ ಬೇರೆ ಇದೆ. ಮುಂದೆ ಗುಣವಾಗದ ಸ್ಥಿತಿಗೆ ತಲುಪಿದರೆ ವೆಂಟಿಲೇಟರ್, ಕೊಳವೆಯ ಆಹಾರ ಬೇಕೋ ಬೇಡವೋ ಎಂದು ಬರೆದಿಡುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿತು, 2023ರಲ್ಲಿ ವಿಧಾನ ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಅರವತ್ತು ದಾಟಿದವರೆಲ್ಲ, ನೆನಪು ನೆಟ್ಟಗಿರುವಾಗಲೇ, ಇದನ್ನು ಮಾಡಿಸಿಡಿ. ಮಕ್ಕಳ ಕೈಗೆ ಒಂದು ಪ್ರತಿ ಕೊಡಿ.