ಮಕ್ಕಳ ಮುಂದಿನ ಶಿಕ್ಷಣ: ನಿರ್ಧಾರ ಯಾರದು?

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ವಾರ ನಮ್ಮ ಮನೆಗಳಲ್ಲಿ ಕಾಣುವ ಗಡಿಬಿಡಿ ನಿಮಗೆ ಅಪರಿಚಿತವಲ್ಲ. ದಮ್ಮಾಮ್‌ನಲ್ಲೋ ದುಬೈಯಲ್ಲೋ ದುಡಿಯುವ ತಂದೆಯಿಂದ ದಿನಕ್ಕೆ ನಾಲ್ಕು ಬಾರಿ ಫೋನ್ ಬರುತ್ತದೆ. ಸೋದರಮಾವ ಒಂದು ಕಾಲೇಜಿನ ಹೆಸರು ಹೇಳಿದರೆ ನೆರೆಮನೆಯವರು ಇನ್ನೊಂದರ ಹೆಸರು ಹೇಳುತ್ತಾರೆ. ಸೀಟು ಕೊಡಿಸುತ್ತೇನೆ ಎನ್ನುವ ಮಧ್ಯವರ್ತಿಯೊಬ್ಬ ನಾಳೆಯೊಳಗೆ ಮುಂಗಡ ಕಟ್ಟಬೇಕೆಂದು ಅವಸರಪಡಿಸುತ್ತಾನೆ. ತಾಯಿ ಕಪಾಟಿನಿಂದ ಚಿನ್ನ ಹೊರತೆಗೆಯುತ್ತಾಳೆ. ಇಷ್ಟೆಲ್ಲ ನಡೆಯುವಾಗ, ಯಾರ ಬದುಕಿನ ಕುರಿತು ಈ ಚರ್ಚೆಯೋ ಆ 17ರ ಹರೆಯದ ಹುಡುಗ ಅಥವಾ ಹುಡುಗಿ ಬಾಗಿಲ ಬಳಿ ಮೌನವಾಗಿ ನಿಂತಿರುತ್ತಾರೆ. ಅವರನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರಕ್ಕೆ ಕಿವಿಗೊಡುವಷ್ಟು ಸಮಯ ಉಳಿದಿರುವುದಿಲ್ಲ.

ಮದುವೆಗೆ ಆರು ತಿಂಗಳು ಮೊದಲೇ ಹಾಲ್ ಗೊತ್ತುಮಾಡುವವರು ನಾವು. ಮನೆ ಕಟ್ಟುವುದಾದರೆ ಬಾವಿಯ ಜಾಗದಿಂದ ಹಿಡಿದು ಕಿಟಕಿಯ ಮರದವರೆಗೆ ವರ್ಷಗಟ್ಟಲೆ ಯೋಚಿಸುತ್ತೇವೆ. ಆದರೆ ಮಕ್ಕಳ ಮುಂದಿನ ನಾಲ್ಕೈದು ವರ್ಷಗಳ ಶಿಕ್ಷಣವನ್ನು, ಅದರ ಮೂಲಕ ಅವರ ಇಡೀ ಜೀವನದ ದಿಕ್ಕನ್ನು, ಒಂದು ವಾರದ ಗೊಂದಲದಲ್ಲಿ ತೀರ್ಮಾನಿಸಿಬಿಡುತ್ತೇವೆ. ಇದು ಕೇವಲ ಅನಾನುಕೂಲದ ವಿಷಯವಲ್ಲ. ಇದರಲ್ಲಿ ಒಂದು ನೈತಿಕ ಪ್ರಶ್ನೆ ಅಡಗಿದೆ. ಮಕ್ಕಳ ಮುಂದಿನ ಶಿಕ್ಷಣವನ್ನು ನಿರ್ಧರಿಸುವ ಹಕ್ಕು ಯಾರದು? ಆ ವಿಷಯದಲ್ಲಿ ಹೆತ್ತವರ ನೆರವು ಎಂದರೇನು?

ಎರಡು ತಪ್ಪು ಉತ್ತರಗಳು

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಸಾಕಿ ಸಲಹಿದವರು ನಾವು, ಶುಲ್ಕ ಕಟ್ಟುವವರೂ ನಾವು, ಆದ್ದರಿಂದ ನಿರ್ಧಾರವೂ ನಮ್ಮದೇ ಎಂಬುದು ಮೊದಲನೆಯದು. ಕಾಲ ಬದಲಾಗಿದೆ, ಅವನಿಗೆ ಇಷ್ಟಬಂದದ್ದನ್ನು ಕಲಿಯಲಿ, ನಾವೇಕೆ ತಲೆಹಾಕಬೇಕು ಎಂಬುದು ಎರಡನೆಯದು.

ಮೊದಲನೆಯ ಉತ್ತರದಲ್ಲಿ ಮಗು ಒಂದು ಸೊತ್ತಾಗುತ್ತದೆ. ಹಣ ಹೂಡಿದವನು ಲಾಭ ಕೇಳುವಂತೆ ತಂದೆ ಮಗನಿಂದ ಡಾಕ್ಟರ್ ಪದವಿಯನ್ನು ಕೇಳುತ್ತಾನೆ. ಆದರೆ ಸಂತಾನವು ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿರುವ ಅಮಾನತ್ತು ಎಂಬುದನ್ನು ನಾವು ಒಪ್ಪುತ್ತೇವೆ. ಅಮಾನತ್ತನ್ನು ಕಾಪಾಡಬಹುದು, ಬೆಳೆಸಬಹುದು. ನಮ್ಮ ಪ್ರತಿಷ್ಠೆಗಾಗಿ ಅದನ್ನು ಖರ್ಚುಮಾಡುವ ಅಧಿಕಾರ ನಮಗಿಲ್ಲ.

ಎರಡನೆಯ ಉತ್ತರ ಕೇಳಲು ಉದಾರವಾಗಿದೆ. ಆದರೆ ಅದು ಹೊಣೆಗಾರಿಕೆಯಿಂದ ನುಣುಚಿಕೊಳ್ಳುವ ದಾರಿಯೂ ಹೌದು. ಯಾವ ಕೋರ್ಸಿಗೆ ಯಾವ ಪರೀಕ್ಷೆ, ಎಷ್ಟು ಖರ್ಚು, ಮನೆಯ ಸ್ಥಿತಿ ಏನು ಎಂಬುದೊಂದೂ ಗೊತ್ತಿಲ್ಲದ ಹುಡುಗನಿಗೆ ನಿನ್ನಿಷ್ಟ ಎಂದರೆ ಅದು ಸ್ವಾತಂತ್ರ್ಯವಾಗುವುದಿಲ್ಲ. ಕತ್ತಲಲ್ಲಿ ಕೈಬಿಟ್ಟಂತಾಗುತ್ತದೆ. ಅಂಥ ಮಕ್ಕಳು ಕೊನೆಗೆ ಗೆಳೆಯ ಸೇರಿದ ಕಾಲೇಜಿಗೆ, ಗೆಳೆಯ ಆರಿಸಿದ ಕೋರ್ಸಿಗೆ ಸೇರುತ್ತಾರೆ.

ಕೇಳುವ ಸಂಸ್ಕೃತಿ

ಈ ಎರಡರ ನಡುವೆ ಒಂದು ದಾರಿಯಿದೆ. ಅದು ಸಮಾಲೋಚನೆಯ ದಾರಿ. ಪ್ರವಾದಿ ಇಬ್ರಾಹೀಮ್(ಅ)ರ ಚರಿತ್ರೆಯನ್ನು ನೆನಪಿಸಿಕೊಳ್ಳಿ. ಮಗನ ಬಲಿಯ ಕುರಿತ ಆ ಕನಸು ದೇವಾಜ್ಞೆಯಾಗಿತ್ತು. ಆದರೂ ಅವರು ಮಗನ ಕೈಹಿಡಿದು ಎಳೆದೊಯ್ಯಲಿಲ್ಲ. ಕನಸನ್ನು ಮಗನ ಮುಂದಿಟ್ಟು ಅವನ ಅಭಿಪ್ರಾಯವೇನೆಂದು ವಿಚಾರಿಸಿದರೆಂದು ಕುರ್‌ಆನ್ ತಿಳಿಸುತ್ತದೆ. ದೇವಾಜ್ಞೆಯ ವಿಷಯದಲ್ಲೇ ಮಗನನ್ನು ಕೇಳಿದ ಆ ತಂದೆಯ ಮುಂದೆ, ಇಂಜಿನಿಯರಿಂಗ್ ಸೀಟಿನ ವಿಷಯದಲ್ಲಿ ಮಗನನ್ನು ಕೇಳಲೊಲ್ಲದ ನಾವೆಲ್ಲಿ? ಹಾಲುಣ್ಣುವ ಕೂಸಿನ ಮೊಲೆ ಬಿಡಿಸುವುದನ್ನು ಕೂಡಾ ತಂದೆ ತಾಯಿ ಪರಸ್ಪರ ಸಮಾಲೋಚಿಸಿ ಮಾಡಬೇಕೆಂಬ ಸೂಚನೆ ಅದೇ ಗ್ರಂಥದಲ್ಲಿದೆ. ಹಾಗಿರುವಾಗ ಅದೇ ಕೂಸು ಬೆಳೆದು ಕಾಲೇಜಿಗೆ ಹೊರಟಾಗ ಸಮಾಲೋಚನೆ ಬೇಡವೇ?

ಹದಿನಾರರ ಹುಡುಗನಿಗೆ ತನಗೇನು ಬೇಕೆಂದು ತಿಳಿದಿರುತ್ತದೆಯೇ ಎಂದು ನೀವು ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ. ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಆದರೆ ಇನ್ನೊಂದು ವಿಷಯವನ್ನೂ ಯೋಚಿಸಿ. ಪ್ರಾಯಕ್ಕೆ ಬಂದ ಮಗ ಅಥವಾ ಮಗಳು ತನ್ನ ನಮಾಝ್‌ಗೆ, ತನ್ನ ಉಪವಾಸಕ್ಕೆ, ತನ್ನ ಮಾತು ಮತ್ತು ವರ್ತನೆಗೆ ಅಲ್ಲಾಹನ ಮುಂದೆ ತಾನೇ ಉತ್ತರ ಕೊಡಬೇಕು. ತಂದೆ ಅಲ್ಲಿ ಅವರ ಬದಲಿಗೆ ನಿಲ್ಲಲಾರ. ಸೃಷ್ಟಿಕರ್ತನ ಮುಂದೆ ಹೊಣೆಗಾರನಾಗಬಲ್ಲವನು ತನ್ನ ಕಲಿಕೆಯ ಕುರಿತು ಒಂದು ಮಾತಾಡಲು ಅನರ್ಹನೆಂದು ನಾವು ಹೇಗೆ ತೀರ್ಪು ಕೊಡುವುದು? ಅವನಿಗೆ ತಿಳಿದಿಲ್ಲವೆಂದಾದರೆ ತಿಳಿಯುವಂತೆ ಮಾಡುವುದೇ ನಮ್ಮ ಕರ್ತವ್ಯ. ತಿಳಿಯಲು ಸಮಯ ಬೇಕು. ಆ ಸಮಯ ದೊರೆಯುವುದು ಪ್ರಥಮ ಪಿಯುಸಿಯಲ್ಲಿ.

ಆಸೆಯೂ ಆಯ್ಕೆಯೂ

ಪ್ರಥಮ ಪಿಯುಸಿಯನ್ನು ಹಲವರು ವಿಶ್ರಾಂತಿಯ ವರ್ಷವೆಂದು ಭಾವಿಸಿದ್ದಾರೆ. ಎಸ್ಸೆಸ್ಸೆಲ್ಸಿಯ ಆಯಾಸ ಕಳೆಯಲಿ, ಗಂಭೀರ ಓದು ಮುಂದಿನ ವರ್ಷ ನೋಡೋಣ ಎನ್ನುತ್ತಾರೆ. ನಿಜವಾಗಿ ಇದು ಆಸೆಯನ್ನು ಆಯ್ಕೆಯಾಗಿ ಪರಿವರ್ತಿಸಬೇಕಾದ ವರ್ಷ. ನಾನು ಡಾಕ್ಟರ್ ಆಗಬೇಕು ಎಂಬುದು ಆಸೆ. ಅದರ ಪರೀಕ್ಷೆ ಹೇಗಿದೆ, ಎಷ್ಟು ವರ್ಷದ ಓದು, ಎಷ್ಟು ಖರ್ಚು, ಆ ಕೆಲಸದ ದಿನಚರಿ ಹೇಗಿರುತ್ತದೆ ಎಂದು ತಿಳಿದ ಮೇಲೂ ಉಳಿಯುವ ಆಸೆಗೆ ಆಯ್ಕೆಯೆಂದು ಹೆಸರು.

ನೀವು ಮಾಡಬಹುದಾದ ಮೊದಲ ಉಪಕಾರ ಇದು. ರಜೆಯಲ್ಲಿ ಮಗನನ್ನು ಪರಿಚಯದ ವೈದ್ಯರ ಬಳಿ ಕಳುಹಿಸಿ, ಒಬ್ಬ ನರ್ಸ್ ಜೊತೆ ಮಾತಾಡಿಸಿ, ವಕೀಲರ ಕಚೇರಿಯಲ್ಲಿ, ಲೆಕ್ಕಪರಿಶೋಧಕರ ಕಚೇರಿಯಲ್ಲಿ ಅರ್ಧ ದಿನ ಕುಳ್ಳಿರಿಸಿ. ದೂರದಿಂದ ಹೊಳೆಯುವ ಕೆಲವು ಕೆಲಸಗಳು ಹತ್ತಿರದಿಂದ ಬೇಸರ ತರಿಸುತ್ತವೆ. ನಾವು ಕಡೆಗಣಿಸಿದ ಕೆಲಸವೊಂದು ಅವನ ಮನಸ್ಸನ್ನು ಹಿಡಿಯಲೂಬಹುದು.

ಮತ್ತೆ ಲೆಕ್ಕಾಚಾರ. 2024ರಲ್ಲಿ ನೀಟ್ ಪರೀಕ್ಷೆ ಬರೆದವರು 23 ಲಕ್ಷಕ್ಕೂ ಹೆಚ್ಚು. ಆಗ ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಅಂದರೆ 20 ಮಂದಿಯಲ್ಲಿ ಒಬ್ಬರಿಗೆ ಸೀಟು. ಈ ಸತ್ಯವನ್ನು ಮಗುವಿನಿಂದ ಮುಚ್ಚಿಡುವುದು ಪ್ರೋತ್ಸಾಹವಲ್ಲ. ತಿಳಿದೂ ಮುನ್ನುಗ್ಗುವ ಮಗುವಿಗೆ ಬೆಂಬಲ ಕೊಡಿ, ಜೊತೆಗೆ ಎರಡನೆಯ ದಾರಿಯನ್ನೂ ಗುರುತಿಸಿಡಿ. ನಮ್ಮ ರಾಜ್ಯದ ಸಿಇಟಿ ಮೂಲಕ ಇಂಜಿನಿಯರಿಂಗ್ ಮಾತ್ರವಲ್ಲ, ಫಾರ್ಮಸಿ, ಕೃಷಿ, ಪಶುವೈದ್ಯಕೀಯ, ನರ್ಸಿಂಗ್ ಕೋರ್ಸುಗಳಿಗೂ ಪ್ರವೇಶವಿದೆ. ಈ ಎರಡು ಪರೀಕ್ಷೆಗಳ ಸ್ವಭಾವವೇ ಬೇರೆ. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ, ಸಿಇಟಿಯಲ್ಲಿ ಕಳೆಯುವುದಿಲ್ಲ. ಸಿಇಟಿಯಲ್ಲಿ ಇಂಜಿನಿಯರಿಂಗ್ ರ‍್ಯಾಂಕ್ ನೀಡುವಾಗ ಪಿಯುಸಿ ಅಂಕಗಳಿಗೂ ಪ್ರವೇಶ ಪರೀಕ್ಷೆಯ ಅಂಕಗಳಿಗೂ ಸಮಾನ ತೂಕವಿದೆ. ಆದ್ದರಿಂದ ಕೋಚಿಂಗಿನ ನೆಪದಲ್ಲಿ ಕಾಲೇಜಿನ ಪಾಠವನ್ನು ಕಡೆಗಣಿಸಿದವನು ಗೆಲುವಿನ ಅರ್ಧ ಭಾಗವನ್ನು ಕೈಯಾರೆ ಬಿಟ್ಟುಕೊಟ್ಟಂತೆ.

ವಿಜ್ಞಾನ ಓದದ ಮಕ್ಕಳಿಗೆ ಯೋಜನೆಯೇ ಬೇಡವೆಂಬ ಭ್ರಮೆಯೂ ನಮ್ಮಲ್ಲಿದೆ. ಕಲಾ ವಿಭಾಗದ ಹುಡುಗಿಗೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ‘ಕ್ಲ್ಯಾಟ್’ ಪರೀಕ್ಷೆಯಿದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ತರಗತಿಗಳಿಗೆ 2022ರಿಂದ ‘ಸಿಯುಇಟಿ’ ಎಂಬ ಸಾಮಾನ್ಯ ಪರೀಕ್ಷೆ ಬಂದಿದೆ. ವಾಣಿಜ್ಯ ಓದಿದವನು ಪಿಯುಸಿ ಮುಗಿದೊಡನೆ ಸಿಎ ಫೌಂಡೇಶನ್ ಬರೆಯಬಹುದು. ಇವುಗಳ ಹೆಸರನ್ನು ಪ್ರಥಮ ಪಿಯುಸಿಯಲ್ಲೇ ಕೇಳಿದ ಮಗುವಿಗೂ, ಅರ್ಜಿಯ ದಿನಾಂಕ ಮುಗಿದ ಮೇಲೆ ಕೇಳಿದ ಮಗುವಿಗೂ ಪ್ರತಿಭೆಯಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಅವರಿಗೆ ದೊರೆತ ನೆರವಿನಲ್ಲಿ.

ಹಣದ ಕುರಿತು ಸತ್ಯ

ಮಕ್ಕಳಿಂದ ನಾವು ಅತಿ ಹೆಚ್ಚು ಮುಚ್ಚಿಡುವುದು ಮನೆಯ ಹಣಕಾಸಿನ ಸ್ಥಿತಿಯನ್ನು. ಮಗನ ಮನಸ್ಸು ನೋಯಬಾರದೆಂಬ ವಾತ್ಸಲ್ಯ ಅದಕ್ಕೆ ಕಾರಣ. ಪರಿಣಾಮ ಮಾತ್ರ ಕ್ರೂರ. ಎರಡು ವರ್ಷ ಕನಸು ಕಾಣಲು ಬಿಟ್ಟು, ಕೊನೆಯ ದಿನ ಹಣವಿಲ್ಲವೆಂದು ಕೈಚೆಲ್ಲುವುದಕ್ಕಿಂತ, ನಮ್ಮಿಂದ ಇಷ್ಟು ಸಾಧ್ಯ, ಇದಕ್ಕಿಂತ ಹೆಚ್ಚು ಆಗದು ಎಂದು ಮೊದಲೇ ಕುಳಿತು ಹೇಳುವುದು ಮೇಲು. ಸತ್ಯ ತಿಳಿದ ಮಗು ಸರಕಾರಿ ಸೀಟಿಗಾಗಿ ಛಲದಿಂದ ಓದುತ್ತದೆ. ಖಾಸಗಿ ಕಾಲೇಜುಗಳಲ್ಲಿಯೂ ಸಿಇಟಿ ಮೂಲಕ ಹಂಚುವ ಸೀಟುಗಳಿಗೆ ಸರಕಾರ ನಿಗದಿಪಡಿಸಿದ ಶುಲ್ಕವಿರುತ್ತದೆ. ಮ್ಯಾನೇಜ್‌ಮೆಂಟ್ ಸೀಟಿನ ಶುಲ್ಕ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಈ ಅಂತರವನ್ನು ಅಂಕೆಗಳಲ್ಲಿ ಮಗುವಿಗೆ ತೋರಿಸಿ.

ತಡವಾದ ಯೋಜನೆ ನಮ್ಮನ್ನು ಎಲ್ಲಿಗೆ ಕೊಂಡೊಯ್ಯುತ್ತದೆಂಬುದನ್ನೂ ಯೋಚಿಸಿ. ಬಡ್ಡಿಯಿಂದ ದೂರವಿರಬೇಕೆಂದು ಜೀವನವಿಡೀ ಎಚ್ಚರ ವಹಿಸಿದ ತಂದೆ, ಮೂರು ದಿನದೊಳಗೆ ಶುಲ್ಕ ಕಟ್ಟಬೇಕಾಗಿ ಬಂದಾಗ ಸಿಕ್ಕಿದ ಬಾಗಿಲನ್ನೆಲ್ಲ ತಟ್ಟುತ್ತಾನೆ. ಒಂದು ವರ್ಷ ಮೊದಲೇ ಯೋಚಿಸಿದ್ದರೆ ಸ್ವಲ್ಪ ಉಳಿತಾಯ, ಸ್ವಲ್ಪ ಬಂಧುಗಳ ನೆರವು, ವಿದ್ಯಾರ್ಥಿವೇತನ ನೀಡುವ ಸಂಸ್ಥೆಗಳು, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಯೋಜನೆ ಮೊದಲಾದವುಗಳ ಷರತ್ತುಗಳನ್ನು ಓದಿ, ತಿಳಿದವರಲ್ಲಿ ವಿಚಾರಿಸಿ ನಿರ್ಧರಿಸಲು ಅವಕಾಶವಿರುತ್ತಿತ್ತು. ಎಷ್ಟೋ ಬಾರಿ ಮನುಷ್ಯನ ತತ್ವಗಳು ಬಡತನದ ಎದುರು ಸೋಲುವುದಿಲ್ಲ, ಅವಸರದ ಎದುರು ಸೋಲುತ್ತವೆ.

ಕಾಗದಪತ್ರ ಮತ್ತು ಪ್ರಾಮಾಣಿಕತೆ

ಕಾಗದಪತ್ರಗಳ ಮಾತು ಚಿಕ್ಕದೆನಿಸಬಹುದು. ಆದರೆ ನಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ಅಲ್ಲಿಯೇ. ಅಂಕಪಟ್ಟಿಯಲ್ಲಿ ಮೊಹಮ್ಮದ್, ಆಧಾರ್‌ನಲ್ಲಿ ಮುಹಮ್ಮದ್, ಇನ್ನೊಂದರಲ್ಲಿ ಬರೇ ‘ಎಂ.ಡಿ.’ ಎಂದು ಹೆಸರು ಮೂರು ರೂಪ ತಾಳಿರುತ್ತದೆ. ತಂದೆಯ ಹೆಸರಿನಲ್ಲಿ ಒಂದೆಡೆ ಮನೆತನದ ಹೆಸರಿದ್ದು ಇನ್ನೊಂದೆಡೆ ಇರುವುದಿಲ್ಲ. ಇವನ್ನು ಪ್ರಥಮ ಪಿಯುಸಿಯ ರಜೆಯಲ್ಲೇ ಸರಿಪಡಿಸಿಕೊಳ್ಳಿ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ಪಡೆಯಿರಿ. ಗ್ರಾಮೀಣ ವ್ಯಾಸಂಗದ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳಿಗೆ ಮಗು ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಮಾತ್ರವಲ್ಲ, ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಲುಸಹಿಯೂ ಬೇಕಾಗುತ್ತದೆ. ಎರಡು ಮೂರು ಶಾಲೆ ಬದಲಿಸಿದ ಮಗುವಿಗೆ ಇದೊಂದೇ ಹಲವು ದಿನಗಳ ಓಡಾಟ.

ಇಲ್ಲಿಯೇ ಇನ್ನೊಂದು ಪರೀಕ್ಷೆಯೂ ಇದೆ. ಅದನ್ನು ಬರೆಯುವವರು ಮಕ್ಕಳಲ್ಲ, ನಾವು. ಇರುವ ಆದಾಯವನ್ನು ಮರೆಮಾಚಿ ಕಡಿಮೆ ತೋರಿಸುವುದು, ಪಟ್ಟಣದಲ್ಲಿ ಓದಿದ ಮಗುವಿಗೆ ಹಳ್ಳಿಯ ಪ್ರಮಾಣಪತ್ರ ಮಾಡಿಸುವುದು, ಎಲ್ಲರೂ ಮಾಡುತ್ತಾರಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದು. ಹಾಗೆ ಪಡೆದ ಸೀಟಿನ ಮೇಲೆ ಇನ್ನೊಬ್ಬ ಬಡ ಮಗುವಿನ ಹಕ್ಕಿತ್ತು. ಆ ಮಗುವಿನ ಹೆಸರು ನಮಗೆ ಗೊತ್ತಿಲ್ಲ. ಆದರೆ ಅಲ್ಲಾಹನಿಗೆ ಗೊತ್ತಿದೆ. ಇದೆಲ್ಲವನ್ನೂ ಪಕ್ಕದಲ್ಲಿ ನಿಂತು ನೋಡುವ ನಮ್ಮ ಮಗು ಕಾಲೇಜಿಗೆ ಕಾಲಿಡುವ ಮೊದಲೇ ಒಂದು ಪಾಠ ಕಲಿತುಬಿಡುತ್ತದೆ.

ಮಗಳಿಗೂ ಅದೇ ನ್ಯಾಯ

ಪಿಯುಸಿ ಫಲಿತಾಂಶದಲ್ಲಿ ವರ್ಷ ವರ್ಷವೂ ಹುಡುಗಿಯರೇ ಮುಂದಿರುವುದನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಆದರೆ ಯೋಜನೆ ಹಾಕುವಾಗ ಮಗನಿಗೆ ಮ್ಯಾನೇಜ್‌ಮೆಂಟ್ ಸೀಟು, ಮಗಳಿಗೆ ಬಸ್ಸಿಗೆ ಹತ್ತಿರದ ಕಾಲೇಜು. ತನ್ನ ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಉಡುಗೊರೆ ನೀಡಿ ಅದಕ್ಕೆ ಸಾಕ್ಷಿಯಾಗುವಂತೆ ಕೇಳಿಕೊಂಡ ಒಬ್ಬ ತಂದೆಯೊಡನೆ, ಉಳಿದ ಮಕ್ಕಳಿಗೂ ಅಷ್ಟೇ ಕೊಟ್ಟಿರುವೆಯಾ ಎಂದು ಪ್ರವಾದಿ(ಸ) ವಿಚಾರಿಸಿದರು. ಇಲ್ಲವೆಂದಾಗ ಸಾಕ್ಷಿಯಾಗಲು ನಿರಾಕರಿಸಿದರು. ಶಿಕ್ಷಣಕ್ಕಿಂತ ದೊಡ್ಡ ಉಡುಗೊರೆ ಯಾವುದಿದೆ? ಮಗಳ ಸುರಕ್ಷೆ, ಹಾಸ್ಟೆಲ್, ಪ್ರಯಾಣದ ಚಿಂತೆ ನಿಜವಾದದ್ದೇ. ಅವುಗಳಿಗೂ ಒಂದು ವರ್ಷ ಮೊದಲು ಹುಡುಕಿದರೆ ಪರಿಹಾರ ಸಿಗುತ್ತದೆ. ಕೊನೆಯ ವಾರದಲ್ಲಿ ಹುಡುಕಿದರೆ ನೆಪ ಮಾತ್ರ ಸಿಗುತ್ತದೆ.

ಫಲಿತಾಂಶ ಕೈಮೀರಿದಾಗ

ಎಷ್ಟೇ ಯೋಜಿಸಿದರೂ ಫಲಿತಾಂಶ ನಮ್ಮ ಕೈಯಲ್ಲಿಲ್ಲ. ಒಂಟೆಯನ್ನು ಕಟ್ಟಿಹಾಕಿ ಅನಂತರ ಅಲ್ಲಾಹನಲ್ಲಿ ಭರವಸೆಯಿಡಬೇಕೆಂಬ ಪ್ರವಾದಿ ಬೋಧನೆಯಲ್ಲಿ ಎರಡು ಭಾಗಗಳಿವೆ. ಯೋಜಿಸದವನು ಮೊದಲ ಭಾಗವನ್ನು ಮರೆತಿದ್ದಾನೆ. ಅಂಕ ಕಡಿಮೆಯಾಯಿತೆಂದು ಮಗನೊಡನೆ ಮಾತು ಬಿಡುವ ತಂದೆ ಎರಡನೆಯದನ್ನು ಮರೆತಿದ್ದಾನೆ. 2024ರಿಂದ ನಮ್ಮ ರಾಜ್ಯದಲ್ಲಿ ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದಿದ್ದು, ಹೆಚ್ಚಿನ ಅಂಕಗಳನ್ನೇ ಉಳಿಸಿಕೊಳ್ಳಬಹುದು. ಒಂದು ಬಾಗಿಲು ಮುಚ್ಚಿದರೆ ಏನು ಮಾಡುವುದು, ನೀಟ್‌ಗಾಗಿ ಎಷ್ಟು ಬಾರಿ ಪ್ರಯತ್ನಿಸುವುದು ಎಂಬುದನ್ನು ಮನಸ್ಸು ಶಾಂತವಾಗಿರುವಾಗಲೇ ಮಾತಾಡಿಡಿ. ಸೋತ ದಿನ ಮಗುವಿಗೆ ಮೊದಲು ಬೇಕಾದದ್ದು ತನ್ನ ಬೆಲೆ ಕುಗ್ಗಿಲ್ಲವೆಂಬ ಭರವಸೆ. ಉಪದೇಶಕ್ಕೆ ಮುಂದೆ ಸಮಯವಿದೆ.

ಪ್ರಿಯ ಓದುಗರೇ, ನಿರ್ಧಾರ ಯಾರದು ಎಂಬ ಪ್ರಶ್ನೆಗೆ ಉತ್ತರ ಹೀಗಿದೆ. ಶ್ರಮ ಮತ್ತು ಆಯ್ಕೆ ಮಗುವಿನದು. ಮಾಹಿತಿ, ಮನೆಯ ಸತ್ಯ ಮತ್ತು ಒಳಿತು ಕೆಡುಕುಗಳ ಎಚ್ಚರಿಕೆ ಹೆತ್ತವರದು. ಎಲ್ಲರ ಮೇಲಿನ ತೀರ್ಮಾನ ಅಲ್ಲಾಹನದು. ಸೀಟು ಹಂಚಿಕೆಗಾಗಿ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವ ದಿನ ಮಗನ ಪಕ್ಕದಲ್ಲಿ ಕುಳಿತುಕೊಳ್ಳಿ, ಆದರೆ ಪಟ್ಟಿಯನ್ನು ಅವನೇ ಬರೆಯಲಿ. ನಿಮ್ಮ ಮನೆಯಲ್ಲಿ ಈಗ ಪ್ರಥಮ ಪಿಯುಸಿ ಓದುವ ಮಗುವಿದ್ದರೆ ಇಂದು ರಾತ್ರಿಯ ಊಟದ ನಂತರ ಫೋನ್ ಬದಿಗಿಟ್ಟು, ನಿನಗೇನು ಅನಿಸುತ್ತದೆ ಎಂದು ಒಮ್ಮೆ ಕೇಳಿ. ಉತ್ತರ ಬರಲು ಕೆಲವು ವಾರಗಳೇ ಹಿಡಿಯಬಹುದು. ಕಾಯಲು ನಿಮ್ಮಲ್ಲಿ ಈಗ ಸಮಯವಿದೆ. ಮುಂದಿನ ವರ್ಷ ಇರುವುದಿಲ್ಲ.